ಕ್ಯಾನ್ಸರ್ ಲ್ಯಾಬ್‌ಗೆ ಸೇರುವವರಿಗೆ: ಸೆಲ್ಸ್ ಮುಟ್ಟುವ ಮುಂಚೆ ಜನರನ್ನು ತಿಳಿದುಕೊಳ್ಳಿ

ನಾನು ಲ್ಯಾಬ್‌ಗೆ ಸೇರಿ ಆರನೇ ವಾರ. ಸೋಮವಾರ ಬೆಳಿಗ್ಗೆ ಇನ್‌ಕ್ಯುಬೇಟರ್ ಬಾಗಿಲು ತೆಗೆದೆ. ಕೆಂಪುಗುಲಾಬಿ ಬಣ್ಣ ಇರಬೇಕಾದ ಮೀಡಿಯಾ, ಅಂದರೆ ಸೆಲ್ಸ್ (ಜೀವಕೋಶಗಳು) ಬೆಳೆಯಲು ಹಾಕುವ ಪೋಷಕ ದ್ರವ, ನಿಂಬೆಹಣ್ಣಿನ ಹಳದಿಗೆ ತಿರುಗಿತ್ತು. ಫ್ಲಾಸ್ಕ್ ಅಲ್ಲಾಡಿಸಿದರೆ ನೀರು ಮಜ್ಜಿಗೆ ತರಹ ಕದಡು. ನನ್ನದೊಂದೇ ಅಲ್ಲ, ನಾಲ್ಕು ಜನರ ಫ್ಲಾಸ್ಕ್‌ಗಳ ಕಥೆಯೂ ಅದೇ. ಶುಕ್ರವಾರ ಸಂಜೆ ಬಸ್ಸಿಗೆ ಹೊತ್ತಾಯಿತು ಅಂತ, ಎಲ್ಲರೂ ಬಳಸುವ ಮೀಡಿಯಾ ಬಾಟಲಿಗೆ ಒಮ್ಮೆ ಬಳಸಿದ ಪಿಪೆಟ್ಟನ್ನೇ ಮತ್ತೆ ಅದ್ದಿದವನು ನಾನೇ.

ಬೈಸಿಕೊಳ್ಳೋಕೆ ತಯಾರಾಗಿ ನಿಂತಿದ್ದೆ. ಸೀನಿಯರ್ ಅಕ್ಕ ಫ್ಲಾಸ್ಕನ್ನು ಬೆಳಕಿಗೆ ಹಿಡಿದು ನೋಡಿ, "ಬ್ಯಾಕ್ಟೀರಿಯಾ. ಎಲ್ಲಾದಕ್ಕೂ ಬ್ಲೀಚ್ ಹಾಕಿ ಬಿಸಾಕು. ಯಾರ್ಯಾರದು ಹೋಯ್ತೋ ಅವರಿಗೆಲ್ಲ ನೀನೇ ಹೋಗಿ ಹೇಳು" ಅಂದರು. ಆಮೇಲೆ ಮೂಲೆಯ ನೈಟ್ರೋಜನ್ ಟ್ಯಾಂಕಿನಿಂದ ಫ್ರೀಜ್ ಮಾಡಿಟ್ಟ ಸೆಲ್ಸ್ ಇದ್ದ ಒಂದು ಪುಟ್ಟ ವಯಲ್ (ಸಣ್ಣ ಸೀಸೆ) ತೆಗೆದರು. ಅದರ ಮೇಲಿದ್ದ ಕೈಬರಹ ಅವರದ್ದಾಗಿರಲಿಲ್ಲ. "ಇದನ್ನ ಇಟ್ಟೋರು ಎರಡು ವರ್ಷದ ಹಿಂದೆ ಲ್ಯಾಬ್ ಬಿಟ್ರು. ಅವರಿಂದ ನೀನು ಇವತ್ತು ಬಚಾವ್" ಅಂದರು.

ಲ್ಯಾಬ್ ನಡೆಯುವುದು ಹೀಗೇ, ಒಬ್ಬರು ಮಾಡಿಟ್ಟ ಕೆಲಸದ ಮೇಲೆ ಇನ್ನೊಬ್ಬರು ನಿಂತು. ಎಂಎಸ್ಸಿ ಮುಗಿಸಿ ವಿಶ್ವವಿದ್ಯಾಲಯದ ಕ್ಯಾನ್ಸರ್ ಅಥವಾ ಸೆಲ್ ಬಯಾಲಜಿ ಲ್ಯಾಬ್‌ಗೆ ಕಾಲಿಡಲು ಹೊರಟ ಹುಡುಗ ಹುಡುಗಿಯರು ನನ್ನ ಬಳಿ ಕೇಳುವುದು ಯಾವಾಗಲೂ ಟೆಕ್ನಿಕ್ ಬಗ್ಗೆ. ಪ್ರೋಟೀನ್ ಗುರುತಿಸುವ ವೆಸ್ಟರ್ನ್ ಬ್ಲಾಟ್ ಹೇಗೆ, ಕನ್ಫೋಕಲ್ ಮೈಕ್ರೋಸ್ಕೋಪ್ ಹೇಗೆ ಅಂತ. ಅದೆಲ್ಲ ಯೂಟ್ಯೂಬಿನಲ್ಲೂ ಸಿಗುತ್ತದೆ. ಯಾವ ಕೆಲಸಕ್ಕೆ ಯಾರ ಹತ್ತಿರ ಹೋಗಬೇಕು, ಹೇಗೆ ಕೇಳಬೇಕು ಅನ್ನುವುದು ಸಿಗುವುದಿಲ್ಲ. ಅದನ್ನೇ ಇಲ್ಲಿ ಬರೆಯುತ್ತೇನೆ, ನಡುವೆ ಬೇಕಾದಷ್ಟು ಟೆಕ್ನಿಕ್ ಕೂಡ ಸೇರಿಸಿ.

ಹೆಜ್ಜೆ 1: ಒಳಗೆ ಹೋಗುವ ದಾರಿ

ಓದುತ್ತಿರುವಾಗಲೇ ಒಂದು ಬೇಸಿಗೆ ಲ್ಯಾಬ್‌ನಲ್ಲಿ ಕಳೆಯಿರಿ. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ಇನ್ನೆರಡು ಅಕಾಡೆಮಿಗಳ ಜೊತೆ ಸೇರಿ ಬೇಸಿಗೆ ಸಂಶೋಧನಾ ಫೆಲೋಶಿಪ್ ಕೊಡುತ್ತದೆ. ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದ್ದೂ ಒಂದಿದೆ. ಎರಡು ತಿಂಗಳಲ್ಲಿ ದೊಡ್ಡ ಸಂಶೋಧನೆ ಆಗುವುದಿಲ್ಲ, ನಿಜ. ಆದರೆ ಇಡೀ ದಿನ ನಿಂತು ಪಿಪೆಟ್ ಹಿಡಿಯುವುದು ನಿಮಗೆ ಇಷ್ಟವಾಗುತ್ತದೋ ಇಲ್ಲವೋ ಗೊತ್ತಾಗುತ್ತದೆ. ಇಷ್ಟವಾಗದಿದ್ದರೆ ಐದು ವರ್ಷ ಉಳಿಯಿತು ಅಂದುಕೊಳ್ಳಿ.

ಪಿಎಚ್‌ಡಿಗೆ ಬರುವವರು ಸಾಮಾನ್ಯವಾಗಿ ಸಿಎಸ್‌ಐಆರ್-ಯುಜಿಸಿ ನೆಟ್, ಡಿಬಿಟಿಯ (ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ) ಬಿಇಟಿ ಅಥವಾ ಗೇಟ್ ಪರೀಕ್ಷೆ ಬರೆದಿರುತ್ತಾರೆ. ನೆಟ್‌ನಲ್ಲಿ ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ಸಿಕ್ಕರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ ಎಸ್‌ಆರ್‌ಎಫ್ (ಹಿರಿಯ ಫೆಲೋಶಿಪ್) ಆದಾಗ 42,000. ಮನೆ ಬಾಡಿಗೆ ಭತ್ಯೆ ಬೇರೆ. ಇದು 2023ರ ಜನವರಿಯಿಂದ ಜಾರಿಗೆ ಬಂದ ದರ. ಕೇಳಲು ಚೆನ್ನಾಗಿದೆ, ಆದರೆ ದುಡ್ಡು ಪ್ರತಿ ತಿಂಗಳು ಒಂದನೇ ತಾರೀಖಿಗೆ ಬರುತ್ತದೆ ಅಂತ ಸಾಲದ ಕಂತು ಹಾಕಿಕೊಳ್ಳಬೇಡಿ. ಮೂರು ತಿಂಗಳ ಊಟ, ಬಾಡಿಗೆಗೆ ಆಗುವಷ್ಟು ಕೈಯಲ್ಲಿರಲಿ. ಪರೀಕ್ಷೆ ಪಾಸಾಗದವರು ಪ್ರಾಜೆಕ್ಟ್ ಅಸಿಸ್ಟೆಂಟ್ ಆಗಿ ಸೇರಿ ಕೆಲಸ ಕಲಿಯುತ್ತಾ ಮತ್ತೆ ಬರೆಯುತ್ತಾರೆ. ಅದರಲ್ಲಿ ಅವಮಾನ ಏನೂ ಇಲ್ಲ. ನಾನು ಕಂಡ ಅತ್ಯಂತ ಚುರುಕು ಕೈಗಳು ಪ್ರಾಜೆಕ್ಟ್ ಅಸಿಸ್ಟೆಂಟ್‌ಗಳವು.

ಗೈಡ್‌ಗೆ ಮೇಲ್ ಬರೆಯುವಾಗ ಅರ್ಧ ಪುಟ ಸಾಕು. ಅವರ ಇತ್ತೀಚಿನ ಎರಡು ಪೇಪರ್ ಓದಿ. ಅದರಲ್ಲಿ ಒಂದು ಚಿತ್ರ ಹಿಡಿದು, ನಿಮಗೆ ಅರ್ಥವಾಗದ ಒಂದು ವಿಷಯ ಕೇಳಿ. "ನಿಮ್ಮ ಮಹತ್ತರ ಕೆಲಸದಿಂದ ಪ್ರೇರಿತನಾಗಿ" ಅನ್ನುವ ಸಾಲು ಅವರಿಗೆ ದಿನಕ್ಕೆ ಹತ್ತು ಬರುತ್ತದೆ. ಒಂದೇ ಮೇಲನ್ನು ನಲವತ್ತು ಪ್ರೊಫೆಸರ್‌ಗಳಿಗೆ ಒಟ್ಟಿಗೆ ಕಳಿಸಿ, ನಲವತ್ತು ಹೆಸರೂ ಎಲ್ಲರಿಗೂ ಕಾಣುವಂತೆ ಮಾಡುವವರೂ ಇದ್ದಾರೆ. ಅಂಥ ಮೇಲ್ ಇಡೀ ಡಿಪಾರ್ಟ್‌ಮೆಂಟಿನ ಟೀ ಹೊತ್ತಿನ ತಮಾಷೆಯಾಗುತ್ತದೆ. ಎರಡು ವಾರ ಉತ್ತರ ಬರದಿದ್ದರೆ ಒಂದು ಸಲ ನೆನಪಿಸಿ. ಮೂರನೇ ಸಲ ಬೇಡ.

ಸಂದರ್ಶನದಲ್ಲಿ ಕೇಳುವುದು ನಿಮ್ಮ ಎಂಎಸ್ಸಿ ಪ್ರಾಜೆಕ್ಟ್ ಬಗ್ಗೆಯೇ. ನಮ್ಮಲ್ಲಿ ಅರ್ಧಕ್ಕರ್ಧ ಜನ ಯಾವುದೋ ಗಿಡದ ಸೊಪ್ಪಿನ ರಸ ಹಾಕಿ ಎಂಟಿಟಿ ಅಸ್ಸೇ, ಅಂದರೆ ಎಂಟಿಟಿ ಎಂಬ ಬಣ್ಣ ಹಾಕಿ ನೋಡುವ ಪರೀಕ್ಷೆ, ಮಾಡಿರುತ್ತಾರೆ. "ಏನು ಗೊತ್ತಾಯಿತು?" ಅಂದರೆ "ಕ್ಯಾನ್ಸರ್ ಸೆಲ್ಸ್ ಸತ್ತವು" ಅನ್ನುತ್ತಾರೆ. ಅಲ್ಲಿಗೆ ಸಿಕ್ಕಿಬಿದ್ದಂತೆ. ಹಳದಿ ಎಂಟಿಟಿಯನ್ನು ನೇರಳೆ ಬಣ್ಣಕ್ಕೆ ತಿರುಗಿಸುವುದು ಜೀವಕೋಶದ ಒಳಗಿನ ಚಯಾಪಚಯ. ನೇರಳೆ ಕಡಿಮೆಯಾದರೆ ಸೆಲ್ಸ್ ಸತ್ತಿರಬಹುದು, ಬೆಳೆಯುವುದು ನಿಂತಿರಬಹುದು, ಸುಮ್ನೆ ಸೊರಗಿರಲೂಬಹುದು. ಮೂರರಲ್ಲಿ ಯಾವುದು ಅಂತ ಹೇಳಲು ಬೇರೆ ಪ್ರಯೋಗ ಬೇಕು. ಮಾಮೂಲಿ ಆರೋಗ್ಯವಂತ ಸೆಲ್ಸ್ ಮೇಲೂ ಅದೇ ರಸ ಹಾಕಿ ನೋಡಿದ್ದೀರಾ ಅಂತಲೂ ಕೇಳುತ್ತಾರೆ. ನೋಡಿಲ್ಲದಿದ್ದರೆ "ಇಲ್ಲ ಸರ್, ನೋಡಬೇಕಿತ್ತು" ಅನ್ನಿ. ಈ ಉತ್ತರಕ್ಕೆ ಸೀಟು ಸಿಕ್ಕವರನ್ನು ನಾನು ಕಂಡಿದ್ದೇನೆ.

ಆಮೇಲೆ ಒಂದು ಮುಖ್ಯ ಕೆಲಸ. ಆ ಲ್ಯಾಬಿನ ವಿದ್ಯಾರ್ಥಿಗಳನ್ನು ಗೈಡ್ ಇಲ್ಲದಾಗ ಕ್ಯಾಂಟೀನಿಗೆ ಕರೆದುಕೊಂಡು ಹೋಗಿ ಕಾಫಿ ಕೊಡಿಸಿ. ಸರ್ ಒಳ್ಳೆಯವರಾ ಅಂತ ಕೇಳಬೇಡಿ, ಎಲ್ಲರೂ ಹೂಂ ಅಂತಾರೆ. ಹಿಂದಿನ ಮೂವರು ಎಷ್ಟು ವರ್ಷಕ್ಕೆ ಮುಗಿಸಿದರು, ಈಗ ಎಲ್ಲಿದ್ದಾರೆ, ಯಾರಾದರೂ ಅರ್ಧದಲ್ಲಿ ಬಿಟ್ಟರಾ, ಪೇಪರಿನಲ್ಲಿ ಮೊದಲ ಹೆಸರು ಯಾರದ್ದು ಅಂತ ಯಾವಾಗ ನಿರ್ಧಾರ ಆಗುತ್ತದೆ ಅಂತ ಕೇಳಿ. ಕೊನೆಯ ಪ್ರಶ್ನೆಗೆ ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರೆ ನಿಮಗೆ ಉತ್ತರ ಸಿಕ್ಕಿತು.

ಹೆಜ್ಜೆ 2: ಯಾರು ಯಾರು

ಮೊದಲ ವಾರ ಏನೂ ಮಾಡಬೇಡಿ. ನೋಡಿ, ಬರೆದುಕೊಳ್ಳಿ, ಲೋಟ ತೊಳೆಯಿರಿ.

ಗೈಡ್ ನಿಮಗೆ ದಿನಾ ಸಿಗುವವರಲ್ಲ. ಅವರ ದಿನದ ದೊಡ್ಡ ಪಾಲು ಗ್ರಾಂಟ್ ಬರೆಯುವುದು, ಪಾಠ ಮಾಡುವುದು, ಕಮಿಟಿಗಳಿಗೆ ಹೋಗುವುದರಲ್ಲಿ ಕಳೆಯುತ್ತದೆ. ಅವರ ಹತ್ತಿರ ಹೋಗುವಾಗ ಖಾಲಿ ಕೈಯಲ್ಲಿ ಹೋಗಬೇಡಿ. ಒಂದು ಗ್ರಾಫ್, ಒಂದು ಚಿತ್ರ, ಇಲ್ಲವೇ "ಹೀಗೆ ಮಾಡಲಾ, ಹಾಗೆ ಮಾಡಲಾ" ಅನ್ನುವ ಎರಡು ದಾರಿ ಕೈಯಲ್ಲಿರಲಿ.

ಪೋಸ್ಟ್‌ಡಾಕ್‌ಗಳು ಪಿಎಚ್‌ಡಿ ಮುಗಿಸಿ, ಸ್ವಂತ ಲ್ಯಾಬ್ ಸಿಗುವ ತನಕ ಇರುವವರು. ಸಮಯ ಕಡಿಮೆ, ಅನುಭವ ಜಾಸ್ತಿ. ಪ್ರಯೋಗದ ಲೆಕ್ಕಾಚಾರ ತಪ್ಪಿದ್ದರೆ ಹತ್ತು ನಿಮಿಷದಲ್ಲಿ ಹೇಳುತ್ತಾರೆ. ಆದರೆ ದಿನದ ಸಣ್ಣ ಸಣ್ಣ ಕೆಲಸಕ್ಕೆ ನಿಮಗೆ ಬೇಕಾದವರು ಮೂರನೇ, ನಾಲ್ಕನೇ ವರ್ಷದ ಪಿಎಚ್‌ಡಿ ಸೀನಿಯರ್. ಇತ್ತೀಚೆಗಷ್ಟೇ ನಿಮ್ಮ ತಪ್ಪುಗಳನ್ನೇ ಮಾಡಿ ಮುಗಿಸಿದವರು ಅವರು, ಇನ್ನೂ ಮರೆತಿರುವುದಿಲ್ಲ. ಐದನೇ ವರ್ಷದವರ ಹತ್ತಿರ ಹೋಗಬೇಡಿ. ಥೀಸಿಸ್ ಬರೆಯುವವರನ್ನು ಮಾತಾಡಿಸುವುದೇ ಪಾಪ.

ಈಗ ಯಾವ ವೆಬ್ ಪುಟದಲ್ಲೂ ಹೆಸರು ಹಾಕದ ವ್ಯಕ್ತಿಗೆ ಬರುತ್ತೇನೆ: ಲ್ಯಾಬ್ ಅಟೆಂಡರ್. ನಮ್ಮ ಲ್ಯಾಬಿನ ಅಣ್ಣನಿಗೆ ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಸರ್ವಿಸ್. ಆಟೋಕ್ಲೇವ್ (ಬಿಸಿ ಆವಿಯಲ್ಲಿ ಸೂಕ್ಷ್ಮಜೀವಿಗಳನ್ನು ಕೊಲ್ಲುವ ದೊಡ್ಡ ಕುಕ್ಕರ್) ಹಾಕುವುದು, ಪಿಪೆಟ್ಟಿನ ತುದಿಗೆ ಹಾಕುವ ಟಿಪ್ಸ್ ತುಂಬುವುದು, ಗಾಜಿನ ಸಾಮಾನು ತೊಳೆಯುವುದು ಅವರ ಕೆಲಸ. ಒಮ್ಮೆ ನಾನು ಆಟೋಕ್ಲೇವ್‌ನಿಂದ ಡಬ್ಬಿ ತೆಗೆಯಲು ಕೈ ಹಾಕಿದಾಗ ಅವರು ನನ್ನ ಕೈ ತಡೆದು, ಅದರ ಮೇಲಿನ ಟೇಪ್ ತೋರಿಸಿದರು. ಪಟ್ಟೆಗಳು ಕಡುಗಪ್ಪಾಗಬೇಕಿತ್ತು. ತೆಳು ಕಂದು ಆಗಿ ನಿಂತಿದ್ದವು. "121 ಡಿಗ್ರಿ ಮುಟ್ಟಿಲ್ಲ ಇವತ್ತು. ಗ್ಯಾಸ್ಕೆಟ್ ಸವೆದಿದೆ. ಸ್ಟೀಮ್ ಸೋರೋ ಶಬ್ದ ಕೇಳಿಸ್ತಿಲ್ವಾ?" ಅಂದರು. ನನಗೆ ಏನೂ ಕೇಳಿಸಿರಲಿಲ್ಲ. ಆ ಟಿಪ್ಸ್ ಬಳಸಿದ್ದರೆ ಇನ್ನೊಂದು ಹಳದಿ ಸೋಮವಾರ ಗ್ಯಾರಂಟಿ.

ಅವರ ಜೊತೆ ನಡೆದುಕೊಳ್ಳುವ ರೀತಿ ಸರಳ. ಅಣ್ಣ, ಅಕ್ಕ ಅಂತ ಮಾತಾಡಿಸಿ. ಸಂಜೆ ಐದಕ್ಕೆ ಹೊರಡುವವರ ಕೈಗೆ ನಾಲ್ಕೂಮುಕ್ಕಾಲಿಗೆ ಆಟೋಕ್ಲೇವ್ ಸಾಮಾನು ಕೊಡಬೇಡಿ. ನಿಮ್ಮ ಬ್ಲೇಡ್, ಸೂಜಿ ಅವರ ಕಸದ ಬುಟ್ಟಿಗೆ ಹೋಗದಂತೆ ನೋಡಿಕೊಳ್ಳಿ. ಸೂಜಿ ಚುಚ್ಚುವುದು ನಿಮಗಲ್ಲ, ಅವರಿಗೆ. ಆಯುಧಪೂಜೆ ದಿನ ಸೆಂಟ್ರಿಫ್ಯೂಜ್‌ಗೆ, ಮೈಕ್ರೋಸ್ಕೋಪ್‌ಗೆ ಕುಂಕುಮ ಹಚ್ಚಿ ಹೂ ಇಡುವುದು ನಮ್ಮಲ್ಲಿ ಅವರದೇ ನೇತೃತ್ವ. ಅದರಲ್ಲಿ ಪಾಲ್ಗೊಳ್ಳಿ, ಪುರಿ ತಿನ್ನಿ. ಕಲ್ಚರ್ ಹುಡ್, ಅಂದರೆ ಸೋಸಿದ ಗಾಳಿ ಬೀಸುವ ಸೆಲ್ಸ್ ಕೆಲಸದ ಪೆಟ್ಟಿಗೆ, ಒಳಗೆ ಮಾತ್ರ ಕುಂಕುಮ ಬೇಡ ಅಂತ ಅವರೇ ಹೇಳುತ್ತಾರೆ.

ಸಹಾಯಕರ ಕೈಕೆಲಸ ಎಷ್ಟು ದೂರ ಹೋಗಬಹುದು ಅನ್ನುವುದಕ್ಕೆ ಒಂದು ಹಳೆಯ ಕಥೆ ಇದೆ. 1951ರಲ್ಲಿ ಅಮೆರಿಕದ ಬಾಲ್ಟಿಮೋರಿನ ಜಾನ್ಸ್ ಹಾಪ್‌ಕಿನ್ಸ್‌ನಲ್ಲಿ ಜಾರ್ಜ್ ಗೈ ಎಂಬವರ ಲ್ಯಾಬ್ ಇತ್ತು. ಗರ್ಭಕೊರಳಿನ ಕ್ಯಾನ್ಸರ್ ಇದ್ದ ಒಬ್ಬ ರೋಗಿಯ ಗೆಡ್ಡೆಯ ಚೂರು ಅಲ್ಲಿಗೆ ಬಂತು. ಅದನ್ನು ಕತ್ತರಿಸಿ ಟ್ಯೂಬಿಗೆ ಹಾಕಿ, ರೋಗಿಯ ಹೆಸರು, ಅಡ್ಡಹೆಸರು ಎರಡರಿಂದಲೂ ಮೊದಲೆರಡು ಇಂಗ್ಲಿಷ್ ಅಕ್ಷರ ಸೇರಿಸಿ 'ಹೀಲಾ' ಅಂತ ಲೇಬಲ್ ಬರೆದವರು ಸಹಾಯಕಿ ಮೇರಿ ಕುಬಿಚೆಕ್. ಬೇರೆಲ್ಲ ಚೂರುಗಳ ಹಾಗೆ ಇದೂ ನಾಲ್ಕು ದಿನದಲ್ಲಿ ಸಾಯುತ್ತದೆ ಅಂತಲೇ ಅಂದುಕೊಂಡಿದ್ದರು. ಸಾಯಲಿಲ್ಲ. ಇಂದಿಗೂ ಜಗತ್ತಿನ ಎಲ್ಲ ಕಡೆ ಬೆಳೆಯುತ್ತಿದೆ. ರೋಗಿ ಹೆನ್ರಿಯೆಟಾ ಲ್ಯಾಕ್ಸ್ ಅದೇ ವರ್ಷ ಅಕ್ಟೋಬರಿನಲ್ಲಿ, 31ನೇ ವಯಸ್ಸಿಗೆ ತೀರಿಕೊಂಡರು. ಸಂಶೋಧನೆಗೆ ತೆಗೆದುಕೊಳ್ಳುತ್ತೇವೆ ಅಂತ ಅವರನ್ನು ಯಾರೂ ಕೇಳಿರಲಿಲ್ಲ. ಮನೆಯವರಿಗೆ ವಿಷಯ ತಿಳಿದಿದ್ದು 1970ರ ದಶಕದಲ್ಲಿ. ನಮ್ಮ ಕಮಲ್ ರಣದಿವೆ ಇದೇ ಗೈ ಅವರ ಲ್ಯಾಬಿನಲ್ಲಿ ಕೆಲಸ ಕಲಿತು ಬಂದವರು. ಮುಂದೆ 1960ರ ದಶಕದಲ್ಲಿ ಮುಂಬೈನ ಭಾರತೀಯ ಕ್ಯಾನ್ಸರ್ ಸಂಶೋಧನಾ ಕೇಂದ್ರದಲ್ಲಿ ದೇಶದ ಮೊದಲ ಟಿಶ್ಯೂ ಕಲ್ಚರ್ ಲ್ಯಾಬ್, ಅಂದರೆ ದೇಹದ ಹೊರಗೆ ಸೆಲ್ಸ್ ಬೆಳೆಸುವ ಲ್ಯಾಬ್, ಕಟ್ಟಿದರು. ಇವತ್ತು ನೀವು ಹಿಡಿಯುವ ಫ್ಲಾಸ್ಕಿನ ವಂಶಾವಳಿಯಲ್ಲಿ ಇವರೆಲ್ಲ ಇದ್ದಾರೆ.

ಹೆಜ್ಜೆ 3: ಮೊದಲ ಫ್ಲಾಸ್ಕ್

ಎರಡನೇ ವಾರದಿಂದ ಸೀನಿಯರ್ ಪಕ್ಕ ಕೂತು ನೋಡಿ. ಮೂರನೇ ವಾರ ನೀವು ಮಾಡಿ, ಅವರು ನೋಡಲಿ. ಈ ಅದಲು ಬದಲು ತಪ್ಪಿಸಬೇಡಿ.

ಮೊದಲ ಪ್ರಶ್ನೆ, ಸೆಲ್ಸ್ ಎಲ್ಲಿಂದ ಬಂದವು? ಪುಣೆಯ ಎನ್‌ಸಿಸಿಎಸ್ ಅಂದರೆ ನಮ್ಮ ದೇಶದ ಸೆಲ್ ಭಂಡಾರ. ಅಲ್ಲಿಂದಲೋ ಅಮೆರಿಕದ ಎಟಿಸಿಸಿಯಿಂದಲೋ ತರಿಸಿದ್ದರೆ ಸರಿ. ಪಕ್ಕದ ಲ್ಯಾಬಿನ ಗೆಳೆಯ ಕೊಟ್ಟಿದ್ದು ಅಂದರೆ ಅನುಮಾನ ಇರಲಿ. ಇದು ಗೆಳೆಯನ ಮೇಲಿನ ಅನುಮಾನ ಅಲ್ಲ. ಎಂಡಿಎ-ಎಂಬಿ-435 ಅನ್ನುವ ಸೆಲ್ ಲೈನನ್ನು (ಲ್ಯಾಬಿನಲ್ಲಿ ಬೆಳೆಸಿಕೊಂಡೇ ಬಂದ ಒಂದೇ ಮೂಲದ ಸೆಲ್ಸ್) ವರ್ಷಗಟ್ಟಲೆ ಸ್ತನ ಕ್ಯಾನ್ಸರಿನದ್ದು ಅಂತ ಬಳಸಿ ಎಷ್ಟೋ ಪೇಪರ್ ಬರೆದರು. ಆಮೇಲೆ ನೋಡಿದರೆ ಅದು ಎಂ14 ಎಂಬ ಮೆಲನೋಮಾ, ಅಂದರೆ ಚರ್ಮದ ಕ್ಯಾನ್ಸರಿನ ಸೆಲ್ಸ್. ಹೀಲಾ ಕೂಡ ಬೇರೆ ಲೈನ್‌ಗಳ ಒಳಗೆ ನುಗ್ಗಿ ಎಲ್ಲವನ್ನೂ ನುಂಗಿದೆ ಅಂತ 1960ರ ದಶಕದಲ್ಲೇ ಗೊತ್ತಾಗಿತ್ತು. ಅದಕ್ಕೇ ಎಸ್‌ಟಿಆರ್ ಪರೀಕ್ಷೆ ಮಾಡಿಸುತ್ತಾರೆ. ಪೊಲೀಸರು ಮನುಷ್ಯರ ಗುರುತು ಹಿಡಿಯಲು ಮಾಡಿಸುವ ಡಿಎನ್‌ಎ ಪರೀಕ್ಷೆಯ ಬಗೆಯದ್ದೇ ಇದು.

ಇನ್ನೊಂದು ಕಳ್ಳ ಮೈಕೋಪ್ಲಾಸ್ಮಾ, ಇದೂ ಒಂದು ಬಗೆಯ ಪುಟಾಣಿ ಬ್ಯಾಕ್ಟೀರಿಯಾ. ನನ್ನ ಬ್ಯಾಕ್ಟೀರಿಯಾ ಕನಿಷ್ಠ ಮೀಡಿಯಾ ಹಳದಿ ಮಾಡಿ ಊರಿಗೆಲ್ಲ ಸಾರಿತು. ಮೈಕೋಪ್ಲಾಸ್ಮಾ ಕದಡುವುದಿಲ್ಲ, ಮಾಮೂಲಿ ಮೈಕ್ರೋಸ್ಕೋಪಿನಲ್ಲಿ ಕಾಣುವುದೂ ಇಲ್ಲ. ಅದಕ್ಕೆ ಕೋಶಭಿತ್ತಿಯೇ ಇಲ್ಲ, ಹಾಗಾಗಿ ಮೀಡಿಯಾದಲ್ಲಿರುವ ಪೆನ್ಸಿಲಿನ್‌ಗೆ ಸಾಯುವುದಿಲ್ಲ. ಸುಮ್ಮನೆ ಕೂತು ಸೆಲ್ಸ್ ಊಟ ತಿನ್ನುತ್ತಾ ನಿಮ್ಮ ಡೇಟಾ ಕೆಡಿಸುತ್ತದೆ. ಹೊಸ ಸೆಲ್ಸ್ ಬಂದ ಕೂಡಲೇ, ಆಮೇಲೂ ಆಗಾಗ, ಪಿಸಿಆರ್ ಮಾಡಿ ನೋಡಲೇಬೇಕು. ಫಲಿತಾಂಶ ಬರುವವರೆಗೆ ಬೇರೆ ಇನ್‌ಕ್ಯುಬೇಟರಿನಲ್ಲಿಡಿ.

ಹುಡ್ ಮುಂದೆ ಕೂರುವ ಕ್ರಮ ಹೀಗೆ. ಫ್ಯಾನ್ ಹಾಕಿ ಹದಿನೈದು ನಿಮಿಷ ಬಿಡಿ. 70 ಪರ್ಸೆಂಟ್ ಎಥನಾಲ್‌ನಿಂದ ಒರೆಸಿ. ಜಾಸ್ತಿ ಗಾಢ ಇದ್ದರೆ ಇನ್ನೂ ಒಳ್ಳೆಯದಲ್ವಾ ಅಂತ ಹೊಸಬರು ಕೇಳುತ್ತಾರೆ. ಅಲ್ಲ. ಸೂಕ್ಷ್ಮಜೀವಿಯ ಪ್ರೋಟೀನ್ ಕೆಡಿಸಲು ಎಥನಾಲ್ ಜೊತೆ ಸ್ವಲ್ಪ ನೀರು ಬೇಕು, ಬೇಗ ಆರಿಹೋಗಲೂಬಾರದು. ಮುಂದಿನ ಜಾಲರಿಯ ಮೇಲೆ ನೋಟ್‌ಬುಕ್, ಟಿಶ್ಯೂ ಇಡಬೇಡಿ. ಗಾಳಿಯ ಪರದೆ ಇರುವುದೇ ಅಲ್ಲಿ. ಒಳಗೆ ಬರ್ನರ್ ಹಚ್ಚಬೇಡಿ, ಬಿಸಿಗಾಳಿ ಆ ಪರದೆಯನ್ನು ಕೆಡಿಸುತ್ತದೆ. ಫೋನು ಹೊರಗಿರಲಿ. ಒಂದು ಸಲಕ್ಕೆ ಒಂದೇ ಸೆಲ್ ಲೈನ್, ಅದಕ್ಕೆ ಅದರದೇ ಮೀಡಿಯಾ ಬಾಟಲಿ. ನನ್ನ ಹಳದಿ ಸೋಮವಾರದ ನಂತರ ನಮ್ಮಲ್ಲಿ ಎಲ್ಲರಿಗೂ ಬೇರೆ ಬೇರೆ ಬಾಟಲಿ ಬಂತು.

ಸೆಲ್ಸ್ ಫ್ಲಾಸ್ಕಿನ ತಳಕ್ಕೆ ಅಂಟಿಕೊಂಡು ಬೆಳೆಯುತ್ತವೆ. ಮುಕ್ಕಾಲು ಪಾಲು ತುಂಬಿದಾಗ ಬಿಡಿಸಿ ಬೇರೆ ಫ್ಲಾಸ್ಕಿಗೆ ಹಂಚಬೇಕು. ಹಳೆಯ ಮೀಡಿಯಾ ತೆಗೆದು, ಪಿಬಿಎಸ್ ಎಂಬ ಉಪ್ಪುನೀರಿನಲ್ಲಿ ತೊಳೆದು, ಅಂಟು ಬಿಡಿಸುವ ಕಿಣ್ವ ಟ್ರಿಪ್ಸಿನ್ ಹಾಕಿ. ತೊಳೆಯುವುದನ್ನು ಬಿಟ್ಟರೆ ಮೀಡಿಯಾದಲ್ಲಿ ಉಳಿದ ಸೀರಂ (ರಕ್ತದಿಂದ ತೆಗೆದ ದ್ರವ) ಟ್ರಿಪ್ಸಿನ್‌ನ ಕೆಲಸ ನಿಲ್ಲಿಸುತ್ತದೆ. ಆಮೇಲೆ ಗಡಿಯಾರ ನೋಡಬೇಡಿ, ಸೆಲ್ಸ್ ನೋಡಿ. ಮೈಕ್ರೋಸ್ಕೋಪಿನಲ್ಲಿ ಚಪ್ಪಟೆಯಾಗಿ ಕೈಕಾಲು ಚಾಚಿಕೊಂಡಿದ್ದವು ನಿಧಾನಕ್ಕೆ ಮುದುಡಿ, ಸಾಬೂದಾಣಿ ಕಾಳಿನ ಹಾಗೆ ದುಂಡಗಾಗಿ ಹೊಳೆಯುತ್ತವೆ. ಫ್ಲಾಸ್ಕಿನ ಬದಿಗೆ ಅಂಗೈಯಿಂದ ಒಂದೇ ಒಂದು ಮೆಲು ಏಟು. ತೇಲಿ ಹೊರಟವು ಅಂದರೆ ಸೀರಂ ಇರುವ ಮೀಡಿಯಾ ಹಾಕಿ ನಿಲ್ಲಿಸಿ. ಎರಡರಿಂದ ಐದು ನಿಮಿಷದ ಆಟ. ಹತ್ತು ನಿಮಿಷ ಬಿಟ್ಟು ಟೀಗೆ ಹೋದರೆ ಸೆಲ್ಸ್ ಮೈ ಮೇಲಿನ ಪ್ರೋಟೀನ್‌ಗಳೂ ಕತ್ತರಿಸಿ ಹೋಗುತ್ತವೆ.

ಪ್ರಯೋಗ ಶುರು ಮಾಡುವ ಮೊದಲೇ ಹತ್ತು ವಯಲ್ ಫ್ರೀಜ್ ಮಾಡಿಡಿ. ಹೊಸಬರು ಇದನ್ನು ಕೊನೆಗೆ ಅಂತ ಮುಂದೂಡುತ್ತಾರೆ. ಮೀಡಿಯಾ, ಸೀರಂ ಜೊತೆ 10 ಪರ್ಸೆಂಟ್ ಡಿಎಂಎಸ್‌ಒ, ಹೆಪ್ಪುಗಟ್ಟುವಾಗ ಸೆಲ್ಸ್ ಒಡೆಯದಂತೆ ಕಾಯುವ ದ್ರವ. ನಿಮಿಷಕ್ಕೆ ಒಂದು ಡಿಗ್ರಿಯಂತೆ ನಿಧಾನಕ್ಕೆ ತಣ್ಣಗಾಗುವ ಡಬ್ಬಿಯಲ್ಲಿಟ್ಟು ಮೈನಸ್ 80ಕ್ಕೆ, ಮಾರನೇ ದಿನ ನೈಟ್ರೋಜನ್ ಟ್ಯಾಂಕಿಗೆ. ತೆಗೆಯುವಾಗ ತದ್ವಿರುದ್ಧ: 37 ಡಿಗ್ರಿ ನೀರಿನಲ್ಲಿ ಬೇಗ ಕರಗಿಸಬೇಕು. ಟ್ಯಾಂಕಿನ ಒಳಗೆ ಮೈನಸ್ 196 ಡಿಗ್ರಿ. ವಯಲ್ ಒಳಗೆ ದ್ರವ ಸೋರಿ ಸೇರಿದ್ದರೆ ಹೊರಗೆ ಬಂದಾಗ ಪಟಾಕಿ ತರಹ ಸಿಡಿಯುತ್ತದೆ. ಮುಖಕ್ಕೆ ಶೀಲ್ಡ್ ಇಲ್ಲದೆ ತೆಗೆಯಬೇಡಿ. ಒಂದು ಲೀಟರ್ ದ್ರವ ಆವಿಯಾದರೆ ಸುಮಾರು ಏಳುನೂರು ಲೀಟರ್ ಅನಿಲವಾಗಿ ಆಮ್ಲಜನಕವನ್ನು ಹೊರಗೆ ತಳ್ಳುತ್ತದೆ. ಆದ್ದರಿಂದ ಕಿಟಕಿ ತೆರೆದಿರಲಿ, ಕ್ಯಾನ್ ಜೊತೆ ಲಿಫ್ಟಿನಲ್ಲಿ ನೀವೂ ಹತ್ತಬೇಡಿ.

ಕುತೂಹಲಕ್ಕೆ ಕೂಡ ನಿಮ್ಮದೇ ರಕ್ತ, ನಿಮ್ಮದೇ ಸೆಲ್ಸ್ ಬೆಳೆಸಿ ಪ್ರಯೋಗ ಮಾಡಬೇಡಿ. ಬೇರೆಯವರ ಸೆಲ್ಸ್ ಕೈಗೆ ಚುಚ್ಚಿದರೆ ದೇಹ ಹೊರಗಿನವರು ಅಂತ ಗುರುತಿಸಿ ಓಡಿಸುತ್ತದೆ. ಲ್ಯಾಬಿನಲ್ಲಿ ಬೆಳೆದು ಗುಣ ಬದಲಾದ ನಿಮ್ಮದೇ ಸೆಲ್ಸ್ ಒಳಗೆ ಬಂದರೆ ಮನೆಯವರು ಅಂದುಕೊಂಡು ಸುಮ್ಮನಿರಬಹುದು.

ಹೆಜ್ಜೆ 4: ಕಟ್ಟಡದ ಉಳಿದ ಜನ

ಫ್ಲೋ ಸೈಟೋಮೀಟರ್ (ಸೆಲ್ಸನ್ನು ಒಂದೊಂದಾಗಿ ಹರಿಸಿ ಅಳೆಯುವ ಯಂತ್ರ), ಕನ್ಫೋಕಲ್ ಇರುವ ಕೊಠಡಿಗೆ ಅದರದೇ ಆಪರೇಟರ್ ಇರುತ್ತಾರೆ. ಸ್ಲಾಟ್ ಬುಕ್ ಮಾಡಿ ಬರದೆ ಇರುವವರನ್ನು ಅವರು ಮರೆಯುವುದಿಲ್ಲ. ಫ್ಲೋಗೆ ಹೋಗುವ ಮುಂಚೆ ಸೆಲ್ಸನ್ನು 40 ಮೈಕ್ರಾನ್ ಜಾಲರಿಯಲ್ಲಿ ಸೋಸಿ. ಉಂಡೆಗಟ್ಟಿದ ಸೆಲ್ಸ್ ಹಾಕಿ ಮಷೀನಿನ ಕೊಳವೆ ಕಟ್ಟಿಕೊಂಡರೆ ನಿಮ್ಮ ಜೊತೆ ನಿಮ್ಮ ಹಿಂದಿನ ಮೂರು ಜನರ ದಿನವೂ ಹೋಯಿತು.

ಖರೀದಿ ವಿಭಾಗದವರ ಜೊತೆ ಜಗಳ ಬೇಡ. ಆಂಟಿಬಾಡಿ ಹೊರದೇಶದಿಂದ ಬರಲು ವಾರಗಳೇ ಹಿಡಿಯುತ್ತವೆ, ಮೂರು ಕೊಟೇಶನ್, ಇಂಡೆಂಟ್, ಸಹಿ ಅಂತ ಅದಕ್ಕೂ ಮೊದಲೇ ಸಮಯ ಹೋಗಿರುತ್ತದೆ. ದಸರಾ ರಜೆಗೆ ಮುಂಚಿನ ವಾರ ಬಂದಿಳಿಯುವಂತೆ ಡ್ರೈ ಐಸ್ ಪಾರ್ಸೆಲ್ ತರಿಸಬೇಡಿ. ಗೇಟಿನ ಸೆಕ್ಯುರಿಟಿ ಅಣ್ಣನ ಮೇಜಿನ ಕೆಳಗೆ ನಾಲ್ಕು ದಿನ ಕೂತ ಆಂಟಿಬಾಡಿ ನೀರಾಗಿರುತ್ತದೆ. ಆ ಅಣ್ಣನ ಹತ್ತಿರ ನಿಮ್ಮ ಫೋನ್ ನಂಬರ್ ಇರಲಿ. ಕರೆಂಟು ಹೋಗಿ ರಾತ್ರಿ ಎರಡಕ್ಕೆ ಮೈನಸ್ 80 ಫ್ರೀಜರ್ ಕೂಗಿಕೊಂಡರೆ ಮೊದಲು ಕೇಳಿಸುವುದೂ ಅವರಿಗೇ.

ಹೆಜ್ಜೆ 5: ಆಸ್ಪತ್ರೆಗೆ ಹೋಗುವ ದಿನ

ಎಲ್ಲರಿಗೂ ಈ ಕೆಲಸ ಬರುವುದಿಲ್ಲ. ಬಂದರೆ, ಕನ್ನಡ ಬಲ್ಲವರಾದ ನಿಮಗೇ ಬರುತ್ತದೆ. ನನಗೆ ಬಂದಿದ್ದು ಹಾಗೆ. ಲ್ಯಾಬಿನಲ್ಲಿ ಬಂಗಾಳಿ, ಮಲಯಾಳಿ, ತಮಿಳು ಗೆಳೆಯರೇ ಜಾಸ್ತಿ. ರೋಗಿಗಳು ಬರುವುದು ರಾಯಚೂರು, ಚಿತ್ರದುರ್ಗ, ಚಾಮರಾಜನಗರದಿಂದ.

ರೋಗಿಯ ಗೆಡ್ಡೆಯ ಚೂರು ಬೇಕಾದರೆ ಮೊದಲು ನೈತಿಕ ಸಮಿತಿಯ ಅನುಮತಿ ಬೇಕು, ನಂತರ ರೋಗಿಯ ಲಿಖಿತ ಒಪ್ಪಿಗೆ. ಐಸಿಎಂಆರ್‌ನ 2017ರ ಮಾರ್ಗಸೂಚಿ ಪ್ರಕಾರ ಒಪ್ಪಿಗೆ ಪತ್ರ ರೋಗಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ನಮ್ಮದು ಕನ್ನಡದಲ್ಲಿತ್ತು, ಹೆಸರಿಗೆ. "ಸದರಿ ಅಧ್ಯಯನದಲ್ಲಿ ಅಂಗಾಂಶ ಮಾದರಿಯ ಸಂಗ್ರಹಣೆಗೆ ಸ್ವಯಂಪ್ರೇರಿತ ಸಮ್ಮತಿ" ಅಂತ ಶುರುವಾಗುತ್ತಿತ್ತು. ಮೊದಲ ದಿನ ನಾನು ಅದನ್ನು ಗಟ್ಟಿಯಾಗಿ ಓದಿದೆ. ಹಾಸಿಗೆಯ ಮೇಲಿದ್ದ ಅಮ್ಮ ಪೂರ್ತಿ ಕೇಳಿ, ಮಗಳ ಕಡೆ ತಿರುಗಿ, "ಏನಂತೆ?" ಅಂದರು.

ಮತ್ತೆ ಹೇಳಿದೆ. "ಅಮ್ಮ, ನಾಳೆ ಆಪರೇಶನ್‌ನಲ್ಲಿ ಗೆಡ್ಡೆ ತೆಗೀತಾರೆ. ಡಾಕ್ಟರು ಪರೀಕ್ಷೆಗೆ ಬೇಕಾದಷ್ಟು ತಗೊಂಡ ಮೇಲೆ ಉಳಿಯೋದರಲ್ಲಿ ಒಂದು ಚೂರು ನಮಗೆ ಕೊಡಿ ಅಂತ ಕೇಳೋಕೆ ಬಂದಿದ್ದೀನಿ. ಈ ರೋಗ ಹೇಗೆ ಬೆಳೆಯುತ್ತೆ ಅಂತ ನಾವು ಓದ್ತೀವಿ. ನಿಮ್ಮ ಹೆಸರು ಎಲ್ಲೂ ಬರಲ್ಲ, ನಂಬರ್ ಮಾತ್ರ."

"ಇದರಿಂದ ನನಗೆ ವಾಸಿ ಆಗ್ತದಾ?"

ಈ ಪ್ರಶ್ನೆ ಬಂದೇ ಬರುತ್ತದೆ. ಬಿಳಿ ಕೋಟು ಹಾಕಿಕೊಂಡು ಬಂದವರೆಲ್ಲ ವಾಸಿ ಮಾಡುವವರು ಅಂತ ಅವರ ನಂಬಿಕೆ. "ನೋಡೋಣ" ಅನ್ನಬೇಡಿ. "ಇಲ್ಲ ಅಮ್ಮ, ನಿಮಗೆ ಇದರಿಂದ ಏನೂ ಆಗಲ್ಲ. ಮುಂದೆ ಯಾರಿಗಾದರೂ ಆಗಬಹುದು. ಬೇಡ ಅಂದರೂ ನಿಮ್ಮ ಟ್ರೀಟ್‌ಮೆಂಟ್‌ನಲ್ಲಿ ಏನೂ ವ್ಯತ್ಯಾಸ ಆಗಲ್ಲ" ಅನ್ನಿ. ಆ ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಕಿತ್ತು ಬಿಸಾಕೋದೇ ತಾನೆ, ತಗಳಪ್ಪ" ಅಂದು ಹೆಬ್ಬೆಟ್ಟು ಒತ್ತಿದರು. ಹೆಬ್ಬೆಟ್ಟು ಹಾಕಿದಾಗ ಸಂಶೋಧನಾ ತಂಡಕ್ಕೆ ಸೇರದ ಒಬ್ಬ ಸಾಕ್ಷಿಯ ಸಹಿ ಬೇಕು. ಇದನ್ನು ಮರೆಯಬೇಡಿ. ಬೇಡ ಅಂದವರೂ ಇದ್ದರು. ಅವರಿಗೆ ನಮಸ್ಕಾರ ಹೇಳಿ ಬರುವುದು, ಅಷ್ಟೇ. ಮನವೊಲಿಸಲು ಹೋಗಬೇಡಿ.

ಮಾರನೇ ದಿನ ಐಸ್ ಡಬ್ಬಿ, ತಣ್ಣನೆ ಮೀಡಿಯಾ ಹಿಡಿದು ಥಿಯೇಟರ್ ಹೊರಗೆ ಕಾಯಬೇಕು. ಎಷ್ಟು ಗಂಟೆಗೆ ಕರೆಯುತ್ತಾರೆ ಅಂತ ಥಿಯೇಟರ್ ಸಿಸ್ಟರ್‌ಗೆ ಮಾತ್ರ ಗೊತ್ತು. ಅವರನ್ನು ಐದು ನಿಮಿಷಕ್ಕೊಮ್ಮೆ ಕೇಳಬೇಡಿ. ಗೆಡ್ಡೆ ಹೊರಗೆ ಬಂದ ಮೇಲೆ ಕತ್ತರಿಸುವುದು ಪೆಥಾಲಜಿಸ್ಟ್ ಕೆಲಸ, ನಿಮ್ಮದಲ್ಲ. ಗೆಡ್ಡೆಯ ಅಂಚು ಯಾವುದು, ಕ್ಯಾನ್ಸರ್ ಅಂಚಿನ ತನಕ ಹೋಗಿದೆಯಾ ಅಂತ ಅವರು ನೋಡಬೇಕು. ನಿಮ್ಮ ಅವಸರಕ್ಕೆ ಅದು ಕೆಟ್ಟರೆ ಮುಂದಿನ ಚಿಕಿತ್ಸೆಯೇ ತಪ್ಪಬಹುದು. ಚೂರು ಕೈಗೆ ಬಂದ ಗಂಟೆ, ನಿಮಿಷ ಬರೆದುಕೊಂಡು ಹೊರಡಿ. ಸಿಲ್ಕ್ ಬೋರ್ಡ್ ಕಡೆ ದಾರಿ ಇದ್ದರೆ ಟ್ರಾಫಿಕ್ ಲೆಕ್ಕ ಮೊದಲೇ ಹಾಕಿ.

ಅದನ್ನು ಹುಡ್ ಒಳಗಿಟ್ಟು ಕತ್ತರಿಸುವಾಗ ನನ್ನ ಕೈ ನಡುಗಿತ್ತು. ಅದುವರೆಗೆ ಸೆಲ್ಸ್ ಅಂದರೆ ನನಗೆ ವಯಲ್ ಮೇಲಿನ ಒಂದು ಹೆಸರು.

ಹೆಜ್ಜೆ 6: ಬರೆಯುವುದು, ಹೇಳುವುದು

ಲ್ಯಾಬ್ ನೋಟ್‌ಬುಕ್ ಹೊಲಿದ ಪುಸ್ತಕವಾಗಿರಲಿ. ಪೆನ್ನಿನಲ್ಲಿ, ತಾರೀಖು ಹಾಕಿ, ಅದೇ ದಿನ ಬರೆಯಿರಿ. ತಪ್ಪಾದರೆ ಒಂದು ಗೀಟು ಎಳೆಯಿರಿ, ಹಾಳೆ ಕೀಳಬೇಡಿ. ಕೆಟ್ಟ ಪ್ರಯೋಗವನ್ನೂ ಬರೆಯಿರಿ. ಪ್ಯಾಸೇಜ್ (ಹೊಸ ಫ್ಲಾಸ್ಕಿಗೆ ಹಂಚಿದ್ದು) ಎಷ್ಟನೆಯದು, ಸೀರಂ ಯಾವ ಲಾಟ್, ಆಂಟಿಬಾಡಿ ಯಾವ ನಂಬರ್ ಅನ್ನುವುದು ಇರಲಿ. ಆರು ತಿಂಗಳ ನಂತರ ಬ್ಲಾಟಿನಲ್ಲಿ ಪ್ರೋಟೀನಿನ ಗೆರೆ, ಅಂದರೆ ಬ್ಯಾಂಡ್, ಕಾಣದೇ ಹೋದಾಗ ಉತ್ತರ ಅಲ್ಲೇ ಸಿಗುತ್ತದೆ. ಬ್ಲಾಟಿನ ಮೂಲ ಚಿತ್ರವನ್ನು ಹಾಗೇ ಉಳಿಸಿ. ಚಂದ ಮಾಡಲು ಹೋಗಿ ಒಂದು ಬ್ಯಾಂಡ್ ಅಳಿಸಿದರೂ ಅದು ಮೋಸ. ವರ್ಷಗಳ ನಂತರ ಪೇಪರ್ ವಾಪಸ್ ತೆಗೆದುಕೊಳ್ಳಬೇಕಾಗುತ್ತದೆ.

ಲ್ಯಾಬ್ ಮೀಟಿಂಗ್‌ನಲ್ಲಿ ಇಂಗ್ಲಿಷ್ ತಡವರಿಸಿದರೆ ತಡವರಿಸಲಿ. ಕನ್ನಡ ಮೀಡಿಯಂನಿಂದ ಬಂದ ನಾನು ಮೊದಲ ಮೂರು ಮೀಟಿಂಗ್ ಬಾಯಿ ಬಿಡಲಿಲ್ಲ. ನಾಲ್ಕನೆಯದರಲ್ಲಿ ಹಳದಿ ಫ್ಲಾಸ್ಕಿನ ಕಥೆ ಹೇಳಲೇಬೇಕಾಯಿತು. ಮುರುಕು ಇಂಗ್ಲಿಷಿನಲ್ಲೇ ಹೇಳಿದೆ. ಯಾರೂ ನಗಲಿಲ್ಲ. ಆಮೇಲೆ ಇಬ್ಬರು ಬಂದು ತಮ್ಮ ಹಳದಿ ಫ್ಲಾಸ್ಕಿನ ಕಥೆ ಹೇಳಿದರು. ತಪ್ಪು ನಿಮ್ಮದಾದರೆ ಅದೇ ದಿನ ಹೇಳಿಬಿಡಿ. ಮುಚ್ಚಿಟ್ಟರೆ ಇನ್ನೊಬ್ಬರು ಆ ಮೀಡಿಯಾದಲ್ಲೇ ಮತ್ತೊಂದು ವಾರ ಕೆಲಸ ಮಾಡುತ್ತಾರೆ.

ಹೆಜ್ಜೆ 7: ಬಿಟ್ಟು ಹೋಗುವಾಗ

ಥೀಸಿಸ್ ಕೊಟ್ಟ ಮೇಲೆ ಯಾರಿಗೂ ಲ್ಯಾಬ್ ಕಡೆ ತಲೆ ಹಾಕಲು ಮನಸ್ಸಿರುವುದಿಲ್ಲ. ಆದ್ದರಿಂದ ಕೊಡುವ ಮುಂಚೆಯೇ ಮಾಡಿ. ನಿಮ್ಮ ಪ್ರತಿ ಸೆಲ್ ಲೈನ್ ಕೊನೆಗೆ ಮೂರು ವಯಲ್ ಆದರೂ ಟ್ಯಾಂಕಿನಲ್ಲಿರಲಿ. ಫ್ರೀಜ್ ಮಾಡಿದ ವಾರದ ನಂತರ ಒಂದನ್ನು ಕರಗಿಸಿ, ಬದುಕುತ್ತವಾ ನೋಡಿ. ಯಾವ ರ‍್ಯಾಕ್, ಯಾವ ಡಬ್ಬಿ, ಎಷ್ಟನೇ ಗುಂಡಿ ಅಂತ ಪಟ್ಟಿ ಮಾಡಿ ಒಂದು ಪ್ರತಿ ಫ್ರೀಜರ್ ಬಾಗಿಲಿಗೆ ಅಂಟಿಸಿ. ವಯಲ್ ಮೇಲೆ ಸೆಲ್ ಹೆಸರು, ಪ್ಯಾಸೇಜ್ ನಂಬರ್, ತಾರೀಖು, ನಿಮ್ಮ ಇನಿಶಿಯಲ್. ಮಾಮೂಲಿ ಮಾರ್ಕರ್ ಬೇಡ. ಎಥನಾಲ್ ತಾಗಿದರೆ ಅದರ ಇಂಕು ಒಂದೇ ಒರೆಸಿಗೆ ಹೋಗುತ್ತದೆ. ಕ್ರಯೋ ಲೇಬಲ್ ಇಲ್ಲದಿದ್ದರೆ ವಯಲ್‌ನ ಬಿಳಿ ಪಟ್ಟಿಯ ಮೇಲೆ ಪೆನ್ಸಿಲಿನಲ್ಲಿ, ಬೇರೆಯವರಿಗೂ ಓದಲು ಬರುವ ಹಾಗೆ, ಬರೆಯಿರಿ.